ಬಾಯಿ ತೆರೆಯುವ ಹಡಗು

ಆ ಮನೆಗೆ ಕೆಲಸಕ್ಕೆ ಹೋದ ಮೊದಲ ದಿನವೇ ಅಲ್ಲಿದ್ದ ತಾತ ನನ್ನ ಮೇಲೆ ಬಿಸಿ ಚಹಾ ಎರಚಿದರು. ಮೊಣಕೈಯಿಂದ ಮುಂಗೈವರೆಗೆ ಚರ್ಮ ಕೆಂಪಾಗಿ ಬೊಬ್ಬೆ ಎದ್ದಿತು. ಕೆಲಸಕ್ಕೆ ಕಳಿಸಿದ ಏಜೆನ್ಸಿಯವರು ಫೋನಿನಲ್ಲಿ, ಆ ಮನೆಯಲ್ಲಿ ಯಾರೂ ಒಂದು ವಾರಕ್ಕಿಂತ ಹೆಚ್ಚು ನಿಂತಿಲ್ಲ, ಬೇಡವಾದರೆ ಬಿಡಿ ಎಂದರು. ನಾನು ಬಿಡಲಿಲ್ಲ. ಬಿಡುವ ಸ್ಥಿತಿಯಲ್ಲಿ ನಾವಿರಲಿಲ್ಲ.

ಅದು ಎರಡು ಸಾವಿರದ ಹದಿನೈದರ ಆಸುಪಾಸು. ಆಸ್ಟ್ರೇಲಿಯಾದ ಗಣಿ ಕಂಪನಿಗಳು ಒಂದೊಂದಾಗಿ ಜನರನ್ನು ಮನೆಗೆ ಕಳಿಸುತ್ತಿದ್ದವು. ಮೈಸೂರಿನಿಂದ ಪರ್ತ್‌ಗೆ ಎಂಜಿನಿಯರಾಗಿ ಬಂದಿದ್ದ ನನ್ನ ಗಂಡ ಆ ಕೆಲಸ ಹೋಗಿ ವೆಲ್ಷ್‌ಪೂಲಿನ ಗೋದಾಮೊಂದರಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದರು. ನಾನು ಒಂದು ಕೋರ್ಸು ಮುಗಿಸಿ, ವಯಸ್ಸಾದವರ ಮನೆಗಳಿಗೆ ಹೋಗಿ ಸ್ನಾನ ಮಾಡಿಸುವ, ಊಟ ಕೊಡುವ ಕೆಲಸ ಹಿಡಿದಿದ್ದೆ.

ತಾತನ ಮನೆ ಕ್ಯಾನಿಂಗ್ಟನ್ ರೈಲು ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆ. ತೊಂಬತ್ತು ವರ್ಷ, ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿಲ್ಲ. ಇಂಗ್ಲೆಂಡಿನಲ್ಲಿ ಹುಟ್ಟಿ, ಎರಡನೇ ಮಹಾಯುದ್ಧ ಮುಗಿದ ಮೇಲೆ ಇಲ್ಲಿಗೆ ಬಂದು ನೆಲೆಸಿದವರು. ಸ್ನಾನ ಮಾಡಿಸುವಾಗ ಮೊಣಕೈಯಿಂದ ನನ್ನ ಪಕ್ಕೆಗೆ ತಿವಿಯುತ್ತಿದ್ದರು. ಸಾಕ್ಸ್ ಹಾಕಲು ಬಗ್ಗಿದಾಗ ಒಮ್ಮೆ ಎದೆಗೆ ಒದ್ದರು. ನಾನು ಹಿಂದಕ್ಕೆ ಬಿದ್ದು ತಲೆ ಕಪಾಟಿಗೆ ಬಡಿಯಿತು. ಒದ್ದ ಮೇಲೆ ತಮ್ಮ ಕಾಲನ್ನೇ ನೋಡುತ್ತ ಕೂತರು, ಅದು ಬೇರೆ ಯಾರದೋ ಕಾಲು ಎಂಬಂತೆ.

ಸಂಜೆ ಮನೆಯಲ್ಲಿ ನನ್ನ ತಲೆಯ ಬುಗುಟನ್ನು ನೋಡಿ ಗಂಡ ರೇಗಿದರು. "ನಾಳೆಯಿಂದ ಹೋಗ್ಬೇಡ ಕಣೇ. ಹೊಡೆಸ್ಕೊಳ್ಳೋಕೆ ಇಷ್ಟು ದೂರ ಬಂದ್ವಾ ನಾವು?"

"ಅವ್ರು ಬೇಕೂಂತ ಮಾಡ್ತಿಲ್ಲ. ತಲೆ ಸ್ವಲ್ಪ ಸರಿ ಇಲ್ಲ ಪಾಪ," ಅಂದೆ.

"ಕಾಲು ಸರಿಯಾಗೇ ಇದ್ಯಲ್ಲ!"

ಮೂರನೆಯ ವಾರ ಎಲ್ಲವೂ ಬದಲಾಯಿತು. ಹಾಸಿಗೆ ಹೊದಿಕೆ ಬದಲಿಸುವಾಗ ಮಂಚದ ಕೆಳಗೆ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತು. ಎಳೆದದ್ದೇ ತಡ, ತಾತ ನನ್ನ ಮಣಿಕಟ್ಟು ಹಿಡಿದು ತಿರುಚಿದರು. ನೋವಿಗೆ ನಾನು ಕನ್ನಡದಲ್ಲೇ ಕಿರುಚಿದೆ: "ಅಯ್ಯೋ, ಬಿಡಿ, ಬಿಡಿ!"

ಅವರ ಹಿಡಿತ ಸಡಿಲವಾಯಿತು. ನನ್ನ ಮುಖವನ್ನೇ ನೋಡಿದರು. "ನೀನು ಇಂಡಿಯಾದವಳಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮೂರು ವಾರದಿಂದ ಮನೆಗೆ ಬರುತ್ತಿದ್ದವಳನ್ನು ಅವರು ಆವತ್ತೇ ಮೊದಲು ನೋಡಿದ್ದು ಎನ್ನಿಸಿತು.

"ಹೌದು. ಮಂಡ್ಯದ ಕಡೆಯವಳು."

"ಟೈಪ್ ಮಾಡೋಕೆ ಬರುತ್ತಾ?"

ಪೆಟ್ಟಿಗೆಯಲ್ಲಿ ಮೂರು ನೋಟ್‌ಬುಕ್ಕುಗಳಿದ್ದವು. ಅವರು ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕೆಲಸ ಮಾಡಿದ ಹಡಗಿನ ಚರಿತ್ರೆ. ಸಾಯುವುದರೊಳಗೆ ಅದನ್ನು ಟೈಪ್ ಮಾಡಿಸಬೇಕು, ಮೂರು ಪ್ರತಿ ಮಾಡಬೇಕು: ಒಂದು ತಮಗೆ, ಒಂದು ಬ್ರಿಸ್ಬೇನಿನಲ್ಲಿದ್ದ ಹಡಗಿನ ಗೆಳೆಯನಿಗೆ, ಇನ್ನೊಂದು ಅಡಿಲೇಡಿನಲ್ಲಿದ್ದ ಕ್ಯಾಪ್ಟನ್ನರ ಮಗಳಿಗೆ. ಕ್ಯಾಪ್ಟನ್ ಸತ್ತು ಎಷ್ಟೋ ವರ್ಷಗಳಾಗಿದ್ದವು.

ಅಂದಿನಿಂದ ಮಧ್ಯಾಹ್ನದ ಊಟವಾದ ಮೇಲೆ ಒಂದು ಗಂಟೆ ಅವರು ಓದುತ್ತಿದ್ದರು, ನಾನು ನನ್ನ ಮಗಳ ಹಳೆಯ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುತ್ತಿದ್ದೆ. ಹೊಡೆತ ಪೂರ್ತಿ ನಿಲ್ಲಲಿಲ್ಲ, ಕಡಿಮೆಯಾಯಿತು.

ಆ ಹಡಗಿಗೆ ಹೆಸರೇ ಇರಲಿಲ್ಲ. ಟ್ಯಾಂಕುಗಳನ್ನು ಹೊತ್ತು ನೇರವಾಗಿ ಮರಳಿನ ಮೇಲೆ ನುಗ್ಗಿ ಇಳಿಸುವ ಹಡಗುಗಳಿಗೆ ಆಗ ಬರೀ ಸಂಖ್ಯೆ. ತಳ ಚಪ್ಪಟೆ, ಅದಕ್ಕೇ ಸಣ್ಣ ಅಲೆಗೂ ಮಗ್ಗುಲಿಂದ ಮಗ್ಗುಲಿಗೆ ಹೊರಳುತ್ತಿತ್ತು. ಮುಂಭಾಗ ಮೊಸಳೆಯ ಬಾಯಿಯಂತೆ ಎರಡು ಹೋಳಾಗಿ ತೆರೆಯುತ್ತಿತ್ತು. ಒಳಗಿನಿಂದ ಕಬ್ಬಿಣದ ಇಳಿಜಾರೊಂದು ನೆಲಕ್ಕೆ ಚಾಚುತ್ತಿತ್ತು. ಆ ಇಳಿಜಾರನ್ನು ಇಳಿಸುವ, ಎತ್ತುವ ಯಂತ್ರದ ಸನ್ನೆಗೋಲು ತಾತನ ಕೈಯಲ್ಲಿತ್ತು. "ಬಾಯಿ ತೆರೆಯೋನು, ಮುಚ್ಚೋನು, ಎರಡೂ ನಾನೇ," ಎಂದಿದ್ದರು.

ಮೊದಲ ನೋಟ್‌ಬುಕ್ಕು ಇಟಲಿಯ ತೀರದ್ದು. ಬೆಳಗಿನ ಬಿಸಿಲಿನಲ್ಲಿ ಹಡಗು ಮರಳಿಗೆ ತಾಗಿದಾಗ ಒಂದು ಫಿರಂಗಿ ಗುಂಡು ಪಕ್ಕದ ಗೋಡೆ ತೂರಿ ಟ್ಯಾಂಕುಗಳ ಅಂಕಣದೊಳಗೆ ಸಿಡಿಯಿತು. ಒಂದು ಲಾರಿಯ ಪೆಟ್ರೋಲು ಹೊತ್ತಿತು. ಬಾಯಿಯ ಬಾಗಿಲು ಅರ್ಧಕ್ಕೆ ಸಿಕ್ಕಿಹಾಕಿಕೊಂಡಿತ್ತು. ಇಪ್ಪತ್ತು ನಿಮಿಷ ಅದನ್ನು ಬಡಿದು ಬಡಿದು ಸರಿ ಮಾಡುವಷ್ಟರಲ್ಲಿ, ಒಳಗೆ ಲಾರಿಗಳಲ್ಲಿ ಕೂತಿದ್ದವರ ಕೂಗು ನಿಂತಿತ್ತು. ಆಮೇಲೆ ಅವರನ್ನು ಸೀಟುಗಳಿಂದ ಬಿಡಿಸಿ ತೆಗೆಯುವ ಕೆಲಸ ತಾತನ ಗುಂಪಿನದು. ಎಳೆದರೆ ತೋಳೇ ಕೈಗೆ ಬರುತ್ತಿತ್ತಂತೆ. ಅದನ್ನು ತಾತ ದಿನಸಿ ಪಟ್ಟಿ ಓದಿದಂತೆ ಓದಿದರು. ನಾನು ಎದ್ದು ಸಿಂಕಿನ ಹತ್ತಿರ ಹೋಗಿ ವಾಂತಿ ಮಾಡಿಕೊಂಡೆ. ಬಾಯಿ ತೊಳೆದು ಬಂದಾಗ, "ಪುಟ ಹದಿನೆಂಟು," ಎಂದರು.

ಮೂರನೆಯ ನೋಟ್‌ಬುಕ್ಕಿಗೆ ಬರುವ ಹೊತ್ತಿಗೆ ಹಡಗು ಬರ್ಮಾ ತೀರಕ್ಕೆ ಬಂದಿತ್ತು. ಮರಳಿಲ್ಲ, ಮೊಣಕಾಲುದ್ದ ಕೆಸರು, ಸುತ್ತ ಉಪ್ಪುನೀರಿನ ಕಾಡು. ಟ್ಯಾಂಕುಗಳು ಹೂತುಹೋಗದಂತೆ ಕೆಸರಿನ ಮೇಲೆ ಕಬ್ಬಿಣದ ಜಾಲರಿ ಹಾಸಲು ದಕ್ಷಿಣ ಭಾರತದವರೇ ಇದ್ದ ಮದ್ರಾಸ್ ದಳದ ಸ್ಯಾಪರ್‌ಗಳು, ಅಂದರೆ ಸೈನ್ಯಕ್ಕೆ ದಾರಿ, ಸೇತುವೆ ಮಾಡಿಕೊಡುವ ಸಿಪಾಯಿಗಳು, ಹಡಗು ಹತ್ತಿದ್ದರು. ತಾತ ಓದುತ್ತಿದ್ದರು. ಕಾಡಿನಿಂದ ಗುಂಡುಗಳು ಬೀಳತೊಡಗಿದವು. ನೀರು ಇಳಿಯುತ್ತಿತ್ತು; ಇನ್ನು ಸ್ವಲ್ಪ ಹೊತ್ತು ನಿಂತರೆ ಹಡಗು ಕೆಸರಿನಲ್ಲೇ ಕೂರುತ್ತಿತ್ತು. ಬಾಯಿ ಮುಚ್ಚಿ ಹಿಂದೆ ಸರಿಯಿರಿ ಎಂದು ಕ್ಯಾಪ್ಟನ್ನರ ಆಜ್ಞೆ ಬಂತು. ತಾತ ಸನ್ನೆಗೋಲು ಎಳೆದರು. ಇಳಿಜಾರು ಮೇಲೇಳುತ್ತಿದ್ದಾಗ ನಾಲ್ವರು ಸ್ಯಾಪರ್‌ಗಳು ಗಾಯಾಳುವೊಬ್ಬನನ್ನು ಹೊತ್ತು ಓಡಿಬಂದು ಅದರ ಮೇಲೆ ಹಾರಿದರು. ಮೂವರು ಒಳಗೆ ಉರುಳಿದರು. ಗಾಯಾಳು ಕೆಸರಿಗೆ ಬಿದ್ದ. ನಾಲ್ಕನೆಯವನ ಕಾಲುಗಳು ಇಳಿಜಾರಿಗೂ ಹಡಗಿನ ಅಂಚಿಗೂ ನಡುವೆ ಸಿಕ್ಕಿದವು.

ಇಷ್ಟು ಓದಿ ತಾತ ಪುಟ ತಿರುಗಿಸಿದರು. "ಆ ದಿನ ಹಡಗಿನಲ್ಲಿ ಸತ್ತವರು. ಬರ್ಕೋ." ಏಳು ಇಂಗ್ಲಿಷ್ ಹೆಸರುಗಳು. ಎಂಟನೆಯದು: "ಸ್ಯಾಪರ್ ಮುಚ್ಬ್ಯಾಡ."

ನನ್ನ ಬೆರಳು ಕೀಲಿಗಳ ಮೇಲೆ ನಿಂತಿತು. "ಏನಂದ್ರಿ?"

"ಮುಚ್ಬ್ಯಾಡ. ಅದು ಅವನ ಹೆಸರು. ಸಾಯೋವರೆಗೂ ತನ್ನ ಹೆಸರು ಕೂಗ್ತಿದ್ದ. ಮುಚ್ಬ್ಯಾಡಾ, ಮುಚ್ಬ್ಯಾಡಾ!"

ಎಪ್ಪತ್ತು ವರ್ಷ ಕಳೆದಿದ್ದರೂ ಆ ಕೂಗು ಒಂದಿಷ್ಟೂ ಮಾಸಿರಲಿಲ್ಲ. ಬೆಂಗಳೂರಿನದಲ್ಲ, ಮೈಸೂರು ಪೇಟೆಯದೂ ಅಲ್ಲ. ನಮ್ಮೂರಿನ ಗದ್ದೆ ಬದುವಿನಲ್ಲಿ ನಿಂತು ಕೂಗುವವರ ಕನ್ನಡ. ಕೊಟ್ಟಿಗೆ ಬಾಗಿಲು ಮುಚ್ಬ್ಯಾಡ, ಮಡಕೆ ಬಾಯಿ ಮುಚ್ಬ್ಯಾಡ ಎಂದು ನನ್ನ ಅಜ್ಜಿಯ ಬಾಯಲ್ಲಿ ಸಾವಿರ ಸಲ ಕೇಳಿದ್ದ ಮಾತು. ಇಂಗ್ಲಿಷ್ ಮುದುಕರೊಬ್ಬರ ಬಾಯಿಂದ, ಪರ್ತ್‌ನ ಅಡುಗೆಮನೆಯಲ್ಲಿ ಅದು ಹೊರಬಂದಾಗ ನನ್ನ ಕಿವಿಯೊಳಗೆ ಏನೋ ಒಡೆದಂತಾಯಿತು. ನಾನು ಅವರು ಹೇಳಿದಂತೆಯೇ ಟೈಪ್ ಮಾಡಿದೆ. ಲ್ಯಾಪ್‌ಟಾಪ್ ಮುಚ್ಚಲು ಮಾತ್ರ ಆಗಲಿಲ್ಲ. ಹಾಗೇ ತೆರೆದಿಟ್ಟು ಮನೆಗೆ ಬಂದೆ.

ಗಂಡ ಪೂರ್ತಿ ಕೇಳಿಸಿಕೊಂಡರು. "ಹೇಳ್ಬೇಡ," ಎಂದರು ಕೊನೆಗೆ. "ತೊಂಬತ್ತು ವರ್ಷ ಆಗಿದೆ. ಹೇಳಿ ಏನ್ ಸಾಧಿಸ್ತೀಯ? ಇನ್ನೆಷ್ಟು ದಿನ ಇರ್ತಾರೆ?"

"ಸತ್ತೋನು ನಮ್ಮ ಕಡೆಯವನು ಕಣ್ರೀ."

"ಸತ್ತಾಗಿದೆಯಲ್ಲೇ."

ಬಾಗಿಲಲ್ಲಿ ನಿಂತಿದ್ದ ಮಗಳು ಕೇಳಿದಳು, "ಬಟ್ ಅಮ್ಮಾ, ಇಫ್ ಇಟ್ಸ್ ನಾಟ್ ಹಿಸ್ ನೇಮ್, ಹೂ ವಾಸ್ ಹೀ?"

ತಾತನಿಗೆ ಹೇಳಲಿಲ್ಲ ನಾನು. ಎರಡು ತಿಂಗಳು ತಡೆದುಕೊಂಡೆ. ಟೈಪ್ ಮುಗಿಯಿತು. ಕೊನೆಯ ಪುಟ ಹಡಗಿನ ಅಂತ್ಯ: ಯುದ್ಧ ಮುಗಿದ ಮೇಲೆ ಅದನ್ನು ನಡುಸಮುದ್ರಕ್ಕೆ ಎಳೆದೊಯ್ದು, ಬೇರೆ ಹಡಗುಗಳ ಗುರಿ ಅಭ್ಯಾಸಕ್ಕೆ ನಿಲ್ಲಿಸಿ ಗುಂಡು ಹೊಡೆದು ಮುಳುಗಿಸಿದರಂತೆ. ಪ್ರತಿಗಳನ್ನು ತಾವೇ ಕೈಯಾರೆ ಕೊಡಬೇಕೆಂದು ತಾತ ಹಟ ಹಿಡಿದರು. ಏಜೆನ್ಸಿ ಒಪ್ಪಲಿಲ್ಲ. ನಾನು ರಜೆ ಹಾಕಿ ಜೊತೆಗೆ ಹೊರಟೆ. ಗಂಡನಿಗೆ ಸಿಟ್ಟು ಬಂತು, ಆದರೂ ಏರ್‌ಪೋರ್ಟಿಗೆ ಬಿಟ್ಟರು.

ಬ್ರಿಸ್ಬೇನಿನ ಗೆಳೆಯರದು ಕಂಬಗಳ ಮೇಲೆ ನಿಂತ ಮರದ ಮನೆ. ಅವರಿಗೂ ತೊಂಬತ್ತು. ದೇಹ ಸಣ್ಣದು, ಕಣ್ಣು ಚುರುಕು. ಜಗುಲಿಯ ಸೆಕೆಯಲ್ಲಿ ಇಬ್ಬರೂ ಬಿಯರ್ ಕುಡಿಯುತ್ತ ಕೂತರು. ಇಪ್ಪತ್ತು ವರ್ಷಗಳ ಮೇಲೆ ಭೇಟಿ. ಸತ್ತವರನ್ನೆಲ್ಲ ಹೆಸರು ಹಿಡಿದು ಬೈದುಕೊಂಡು ನಕ್ಕರು. ಗೆಳೆಯರು ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು ಕನ್ನಡಕ ಏರಿಸಿ ಓದುತ್ತ ಹೋದರು. ಎಂಟನೆಯ ಹೆಸರಿನ ಹತ್ತಿರ ನಿಂತರು.

"ಇದ್ಯಾರು?"

"ಅವನೇ. ಇಳಿಜಾರಿಗೆ ಸಿಕ್ಕಿದವನು. ಹೆಸರು ಹೇಳಿದ್ದೇ ನೀನಲ್ವಾ?"

"ನಾನಾ?"

"ಏನು ಕೂಗ್ತಿದಾನೆ ಅಂತ ನಾನು ಕೇಳಿದೆ. ಅವನ ಹೆಸರು, ಇಂಡಿಯಾದವರು ಸಾಯುವಾಗ ತಮ್ಮ ಹೆಸರು ಕೂಗ್ತಾರೆ ಅಂತ ನೀನು ಅಂದೆ."

ಗೆಳೆಯರು ಕನ್ನಡಕ ತೆಗೆದು ಒರೆಸಿದರು. "ನೀನು ಅಳ್ತಿದ್ದೆ ಮಾರಾಯಾ. ಕೈ ನಡುಗಿ ಸನ್ನೆಗೋಲು ಬಿಟ್ಟಿದ್ರೆ ನಾವೆಲ್ಲ ಅಲ್ಲೇ ಸಾಯ್ತಿದ್ವಿ. ಅದಕ್ಕೇ ಬಾಯಿಗೆ ಬಂದದ್ದು ಹೇಳಿದೆ ನಾನು. ಅದನ್ನ ಇಷ್ಟು ವರ್ಷ ನಂಬ್ಕೊಂಡಿದ್ಯಾ?"

ತಾತ ಎದ್ದದ್ದು ನನಗೆ ಕಾಣಲಿಲ್ಲ. ಊರುಗೋಲು ಬೀಸಿದ ಸದ್ದು ಮಾತ್ರ ಕೇಳಿಸಿತು. ಮೊದಲ ಏಟು ಬಿಯರ್ ಲೋಟಕ್ಕೆ, ಎರಡನೆಯದು ಗೆಳೆಯರ ಹುಬ್ಬಿಗೆ. ಹುಬ್ಬು ಸೀಳಿ ರಕ್ತ ಕಣ್ಣಿನೊಳಗೆ, ಗಲ್ಲದಿಂದ ಬಿಳಿ ಅಂಗಿಯ ಮೇಲೆ ಸುರಿಯಿತು. ಅವರು ಕುರ್ಚಿಯಿಂದ ಜಾರಿ ಗಾಜಿನ ಚೂರುಗಳ ಮೇಲೆ ಬಿದ್ದರು. ತಾತ ಮತ್ತೆ ಕೋಲೆತ್ತಿದರು. ನಾನು ನಡುವೆ ಹೋದೆ. ಏಟು ನನ್ನ ಕಿವಿಗೆ ಬಿತ್ತು. ಒಂದು ಕ್ಷಣ ಲೋಕವೇ ಗುಂಯ್ ಎಂದಿತು. ಕೋಲು ಮತ್ತೆ ಮೇಲೆದ್ದಿತು.

ಆಗ ಹೇಳಿಬಿಟ್ಟೆ. ಸತ್ಯ ತಿಳಿಯಲಿ ಎಂದು ಹೇಳಿದೆನೆಂದರೆ ಸುಳ್ಳಾಗುತ್ತದೆ. ತಾತನಿಗೆ ನೋಯಲಿ ಎಂದೇ ಹೇಳಿದೆ. ಚಹಾ, ಒದೆತ, ತಿರುಚಿದ ಮಣಿಕಟ್ಟು, ಎಲ್ಲಕ್ಕೂ ಸೇರಿಸಿ ಹೇಳಿದೆ.

"ಅದು ಹೆಸರಲ್ಲ! ನನ್ನ ಭಾಷೆ ಅದು! ಮುಚ್ಚಬೇಡ ಅಂತ ನಿಮ್ಮನ್ನ ಕೇಳ್ಕೊಳ್ತಿದ್ದ! ಮುಚ್ಚಬೇಡ!"

ಕೋಲು ಹಾಗೇ ಮೇಲೆ ನಿಂತಿತು. ಆಮೇಲೆ ನಿಧಾನವಾಗಿ ಇಳಿಯಿತು.

"ಇನ್ನೊಂದು ಸಲ ಹೇಳು," ಎಂದರು ತಾತ.

ಹೇಳಿದೆ. ಅವರು ಕುರ್ಚಿಯಲ್ಲಿ ಕೂತು ತಮ್ಮ ಬಲಗೈಯನ್ನು ಎಡಗೈಯಿಂದ ಬಿಗಿಯಾಗಿ ಹಿಡಿದುಕೊಂಡರು. ನೆಲದ ಮೇಲಿದ್ದ ಗೆಳೆಯರು ರಕ್ತ ಒರೆಸಿಕೊಳ್ಳುತ್ತ, "ನನಗೆ ಅವತ್ತೇ ಗೊತ್ತಾಗಿತ್ತು," ಎಂದರು. "ಅಂಥ ಜಾಗದಲ್ಲಿ ಸಿಕ್ಕಿಬಿದ್ದ ಮನುಷ್ಯ ಇನ್ನೇನು ಕೂಗ್ತಾನೆ? ಅದಕ್ಕೆ ಭಾಷೆ ಬರಬೇಕಾ?"

ಫ್ರೀಜರಿನಲ್ಲಿದ್ದ ಬಟಾಣಿ ಪೊಟ್ಟಣವನ್ನು ಬಟ್ಟೆಯಲ್ಲಿ ಸುತ್ತಿ ಅವರ ಹುಬ್ಬಿಗೆ ಒತ್ತಿ, ಟ್ಯಾಕ್ಸಿ ಮಾಡಿಕೊಂಡು ಆಸ್ಪತ್ರೆಗೆ ಕರೆದೊಯ್ದೆ. ಒಂಬತ್ತು ಹೊಲಿಗೆ ಬಿದ್ದವು. ಏನಾಯಿತೆಂದು ನರ್ಸ್ ಕೇಳಿದಾಗ, "ಮೆಟ್ಟಿಲಿಂದ ಬಿದ್ದೆ," ಎಂದರು. ವಾಪಸು ಬಂದಾಗ ತಾತ ಜಗುಲಿಯ ಗಾಜನ್ನೆಲ್ಲ ಬರಿಗೈಯಲ್ಲಿ ಆಯ್ದು ಒಂದು ಬಟ್ಟಲಲ್ಲಿ ಹಾಕಿದ್ದರು. ಬೆರಳುಗಳೆಲ್ಲ ಕುಯ್ದಿದ್ದವು. ಕ್ಷಮೆ ಎಂಬ ಮಾತು ಅವರಿಬ್ಬರ ನಡುವೆ ಬರಲಿಲ್ಲ. ಮರುದಿನ ಹೊರಡುವಾಗ ಒಬ್ಬರ ಹಣೆಗೆ ಒಬ್ಬರು ಹಣೆ ಒತ್ತಿ ಸ್ವಲ್ಪ ಹೊತ್ತು ನಿಂತರು, ಅಷ್ಟೇ.

ನೇರ ಪರ್ತ್‌ಗೆ ಹೋಗೋಣವೆಂದೆ. ತಾತ ಒಪ್ಪಲಿಲ್ಲ. ಅಡಿಲೇಡಿನ ಬಂದರಿನ ಕಡೆ, ಹಳೆಯ ನಾವಿಕರು ಸೇರುವ ಒಂದು ಸಣ್ಣ ಸಭಾಂಗಣದಲ್ಲಿ ಬರ್ಮಾದಲ್ಲಿ ಆ ದಿನ ಸತ್ತವರ ಹೆಸರುಗಳ ಹಿತ್ತಾಳೆ ಫಲಕವಿತ್ತು. ಕ್ಯಾಪ್ಟನ್ ಬದುಕಿದ್ದಾಗ ಹಾಕಿಸಿದ್ದರು. ಪಟ್ಟಿ ಬರೆದುಕೊಟ್ಟವರು ತಾತ. ಆ ಎಂಟನೆಯ ಸಾಲನ್ನು ಅಳಿಸಬೇಕೆಂಬುದು ಅವರ ಹಟ.

ಕ್ಯಾಪ್ಟನ್ನರ ಮಗಳು ಎಪ್ಪತ್ತರ ಹತ್ತಿರದವರು. ಸಭಾಂಗಣದ ಬೀಗ ತೆಗೆದು ನಮ್ಮನ್ನು ಒಳಗೆ ಕರೆದರು. ನನ್ನ ಕಿವಿ ಇನ್ನೂ ನೀಲಿಯಾಗಿ ಊದಿತ್ತು. ಅದನ್ನು ನೋಡಿಯೂ ಕೇಳಲಿಲ್ಲ. ತಾತ ಫಲಕದ ಮುಂದೆ ನಿಂತು ನಡೆದದ್ದನ್ನು ಹೇಳಿದರು, ಒಂದು ಮಾತನ್ನೂ ತಮ್ಮ ಪರವಾಗಿ ಬಾಗಿಸದೆ.

ಆಕೆಯ ಮುಖ ಬಿಗಿದುಕೊಂಡಿತು. "ಹಾಗಾದ್ರೆ ನನ್ನ ಅಪ್ಪನೇ ಕೊಂದ ಅಂತ ಹೇಳೋಕೆ ಬಂದ್ರಾ?"

"ನಿಮ್ಮಪ್ಪ ನೂರು ಜನರನ್ನ ಉಳಿಸಿದ್ರು. ಆಜ್ಞೆ ಸರಿ ಇತ್ತು. ಎಳೆದ ಕೈ ನನ್ನದು, ನಾನು ಅದನ್ನ ಹೇಳ್ತಿದೀನಿ."

"ಅವರಿಗೆ ಆ ಕೂಗು ಕೇಳಿಸಿತ್ತಾ?"

"ಇಡೀ ಹಡಗಿಗೆ ಕೇಳಿಸಿತ್ತು."

ಆಕೆ ಬೆಂಚಿನ ಮೇಲೆ ಕೂತರು. ನನ್ನ ಕಡೆ ತಿರುಗಿ ಮಾತಾಡಿದರು. ತಾತನಿಗೆ ಹೇಳಲಾಗದ್ದು ಅಪರಿಚಿತಳಿಗೆ ಹೇಳಬಹುದಿತ್ತೇನೋ. "ನಮ್ಮ ಮನೇಲಿ ಒಂದು ಬಾಗಿಲೂ ಮುಚ್ಚೋ ಹಾಗಿರಲಿಲ್ಲ. ಎಂಟು ವರ್ಷದವಳಿದ್ದಾಗ ಸ್ನಾನಕ್ಕೆ ಹೋಗಿ ಚಿಲಕ ಹಾಕಿದೆ. ಅಪ್ಪ ಬಾಗಿಲು ಒಡೆದು ಒಳಗೆ ಬಂದ್ರು. ಬೆಲ್ಟಿನಲ್ಲಿ ಹೊಡೆದ್ರು. ಬಿಡಿಸೋಕೆ ಬಂದ ಅಮ್ಮನ ಹಲ್ಲು ಮುರೀತು. ಆಮೇಲೆ ಅಲ್ಲೇ ಒದ್ದೆ ನೆಲದ ಮೇಲೆ ಕೂತು ಅತ್ತರು. ಯಾಕೆ ಅಂತ ನಾವ್ಯಾರೂ ಕೇಳಲಿಲ್ಲ. ನಾನು ಅವರನ್ನ ಮಣ್ಣು ಮಾಡೋ ದಿನದವರೆಗೂ ದ್ವೇಷಿಸಿದೆ."

ಹತ್ತಿರ ಹೋಗಿ ಅವರ ಬೆನ್ನ ಮೇಲೆ ಕೈ ಇಟ್ಟೆ. ತಳ್ಳಿಬಿಟ್ಟರು, ಜೋರಾಗಿ. ಆಮೇಲೆ ಅದೇ ಕೈಯನ್ನು ಹಿಡಿದುಕೊಂಡರು.

ತಾತ ಜೇಬಿನಿಂದ ಲೋಹ ಉಜ್ಜುವ ಒಂದು ಅರ ತೆಗೆದರು, ಬ್ರಿಸ್ಬೇನಿನ ಗೆಳೆಯರ ಉಪಕರಣದ ಡಬ್ಬಿಯದು. ಕುಯ್ದ ಬೆರಳುಗಳಿಂದ ಹಿತ್ತಾಳೆಯನ್ನು ಉಜ್ಜತೊಡಗಿದರು. ಬೆರಳಿಗೆ ಸುತ್ತಿದ್ದ ಬಟ್ಟೆ ಪಟ್ಟಿಗಳು ಕಿತ್ತು ಮತ್ತೆ ರಕ್ತ ಬಂತು. ಒಂದು ಅಕ್ಷರವೂ ಅಳಿಯಲಿಲ್ಲ. ಗೀರುಗಳು ಬಿದ್ದವು, ಅಷ್ಟೇ.

"ನಿಮ್ಮ ಭಾಷೆ ಅದು," ಎಂದರು ಆಕೆ ನನಗೆ. "ನೀವೇ ಹೇಳಿ. ಇಡೋದಾ, ಅಳಿಸೋದಾ?"

ನನಗೆ ಯಾವ ಅಧಿಕಾರವಿತ್ತು? ಆತ ಯಾವ ಊರಿನವನೋ, ಯಾರ ಮಗನೋ. ಆದರೂ ಬಾಯಿಗೆ ಬಂದದ್ದು ಇದು: "ಇರಲಿ. ಹೆಸರನ್ನಂತೂ ಯಾರೂ ಬರ್ಕೊಳ್ಳಲಿಲ್ಲ. ಆಡಿದ ಮಾತಾದ್ರೂ ಉಳೀಲಿ. ಅದು ಹೆಸರಲ್ಲ, ಅದರ ಅರ್ಥ ಏನು ಅಂತ ಕೆಳಗೆ ಬರೆಸಿ." ನಾನು ತಾತನ ಕೈಯಿಂದ ಅರ ತೆಗೆದುಕೊಂಡೆ. ಅವರು ಕೊಟ್ಟುಬಿಟ್ಟರು.

ಪರ್ತ್‌ಗೆ ಬಂದ ಮೇಲೆ ತಾತ ಒಂದೇ ಒಂದು ಪುಟ ಬದಲಿಸಿದರು. ಎಂಟನೆಯ ಹೆಸರಿನ ಜಾಗದಲ್ಲಿ ಹೀಗೆ ಬರೆಸಿದರು: ಒಬ್ಬ ಸ್ಯಾಪರ್, ಹೆಸರು ಗೊತ್ತಿಲ್ಲ, ಕನ್ನಡ ಮಾತಾಡುತ್ತಿದ್ದ, ಮುಚ್ಚಬೇಡ ಎಂದು ಕೇಳಿಕೊಂಡ, ನಾನು ಮುಚ್ಚಿದೆ. ಇದನ್ನು ಬರೆಸುವಾಗ ದನಿ ಒಡೆಯಲಿಲ್ಲ. ಆದರೆ ಮುಗಿಸಿ ಎದ್ದವರು ಮನೆಯ ಗೋಡೆಗೆ ತಲೆ ಚಚ್ಚಿಕೊಂಡರು. ಮೂರನೆಯ ಸಲಕ್ಕೆ ನಾನು ದಿಂಬು ತಂದು ನಡುವೆ ಒಡ್ಡಿದೆ.

ಅವರು ಶಾಂತವಾಗಿ ಹೋದರು ಎಂದು ಬರೆಯಲು ನನಗೂ ಆಸೆ. ಹಾಗಾಗಲಿಲ್ಲ. ಚಳಿಗಾಲದಲ್ಲಿ ಬಿದ್ದು ಸೊಂಟ ಮುರಿಯಿತು. ಆಸ್ಪತ್ರೆಯಲ್ಲಿ ಮಂಚದ ಪಕ್ಕದ ಕಂಬಿ ಎತ್ತಲು ಬಂದವರನ್ನೆಲ್ಲ ಹೊಡೆದರು, ಕಚ್ಚಿದರು. ನಾನು ನೋಡಲು ಹೋದ ಬೆಳಿಗ್ಗೆ ಕಂಬಿಯನ್ನು ಕೆಳಗಿಳಿಸಿ ಪಕ್ಕದಲ್ಲಿ ಕೂತೆ. ಕೈ ಎತ್ತಿದರು. ನಾನು ಅಭ್ಯಾಸಬಲದಿಂದ ತಲೆ ತಗ್ಗಿಸಿದೆ. ಏಟು ಬೀಳಲಿಲ್ಲ, ಕೈ ನನ್ನ ಭುಜದ ಮೇಲೆ ಬಂದು ಭಾರವಾಗಿ ಕೂತಿತು. ಎರಡು ದಿನದ ಮೇಲೆ ತೀರಿಕೊಂಡರು. ಚಿತಾಗಾರದಲ್ಲಿ ನಾನು, ನನ್ನ ಗಂಡ, ತಾತನ ಪಕ್ಕದ ಮನೆಯ ಒಬ್ಬರು. ಬ್ರಿಸ್ಬೇನಿನ ಗೆಳೆಯರಿಗೆ ಅಷ್ಟು ದೂರದ ಪ್ರಯಾಣ ಆಗಲಿಲ್ಲ.

ಮರುವರ್ಷ ಅಡಿಲೇಡಿನಿಂದ ಒಂದು ಪತ್ರ ಬಂತು, ಒಳಗೆ ಫೋಟೋ. ಸಭಾಂಗಣ ಮಾರಾಟವಾಗಿ, ಫಲಕ ಈಗ ಕ್ಯಾಪ್ಟನ್ನರ ಮಗಳ ಮನೆಯ ಗೋಡೆಯಲ್ಲಿದೆಯಂತೆ. ಗೀರುಗಳು ಹಾಗೇ ಇದ್ದವು. ಕೆಳಗೆ, ಬೀಗದಕೈ ಮಾಡುವ ಅಂಗಡಿಯಲ್ಲಿ ಕೆತ್ತಿಸಿದ ಇಂಗ್ಲಿಷ್ ಸಾಲು, ಸ್ವಲ್ಪ ಸೊಟ್ಟಗೆ: ಇದು ಹೆಸರಲ್ಲ, ಕನ್ನಡ ಮಾತು, ಮುಚ್ಚಬೇಡ ಎಂದರ್ಥ.

ನಾನು ಆ ಕೆಲಸವನ್ನು ಇನ್ನೂ ನಾಲ್ಕು ವರ್ಷ ಮಾಡಿದೆ. ಹೊಡೆಯುವವರು ಮತ್ತೆಯೂ ಸಿಕ್ಕರು. ಹೊಡೆತ ಬಿದ್ದಾಗ ಆಗಲೂ ಸಿಟ್ಟು ಬರುತ್ತಿತ್ತು. ಅದರಲ್ಲಿ ನಾನೇನೂ ದೊಡ್ಡವಳಾಗಿಲ್ಲ. ಎಡಗಿವಿ ಸ್ವಲ್ಪ ಮಂದವಾಗಿದೆ. ಊರಿಗೆ ಹೋದಾಗಲೆಲ್ಲ, ಯುದ್ಧಕ್ಕೆ ಹೋಗಿ ಬರದೆ ಉಳಿದವರು ನಿಮ್ಮ ಮನೆಯಲ್ಲಿ ಯಾರಾದರೂ ಇದ್ದರಾ ಎಂದು ಹಳಬರನ್ನು ಕೇಳುತ್ತೇನೆ. ಇದ್ದರು ಎಂದವರು ಮೂವರು ಸಿಕ್ಕಿದ್ದಾರೆ. ಮೂರು ಹೆಸರುಗಳನ್ನೂ ಬರೆದುಕೊಂಡಿದ್ದೇನೆ. ಅವರಲ್ಲಿ ಆತ ಇದ್ದಾನೋ ಇಲ್ಲವೋ, ಗೊತ್ತಿಲ್ಲ.